ಸೆಟ್ಟಾಗೋವರೆಗೆ

ಮಂಡ್ಯದ ದೊಡ್ಡಾಸ್ಪತ್ರೆ, ಕೆಳಮಹಡಿ, ಪ್ಲಾಸ್ಟರ್ ರೂಮು.
ಬಕೆಟ್ಟಿನ ನೀರು ಬೆಳಗಿಂದ ಹಾಲಿನ ಬಣ್ಣ.
ಪಟ್ಟಿ ಅದ್ದುತ್ತೇನೆ, ಗುಳ್ಳೆ ನಿಲ್ಲುವ ತನಕ ಕಾಯುತ್ತೇನೆ,
ಹಿಂಡಿ, ಸುತ್ತಿ, ಅಂಗೈಯಲ್ಲಿ ಸವರಿ
ದಿನಕ್ಕೆ ಮೂವತ್ತು ಸಲ ಒಂದೇ ಮಾತು:
ಅಲ್ಲಾಡಿಸಬೇಡಿ, ಸೆಟ್ಟಾಗಲಿ.

ಹದಿನಾಲ್ಕು ವರ್ಷದಿಂದ ಈ ಪದ ನನ್ನ ಬಾಯಲ್ಲಿದೆ.
ಕೊಟ್ಟವರು ಮುನವ್ವರ್ ಸಾಬರು,
ಪಟ್ಟಿ ಸುತ್ತುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ:
"ಇದು ಇಂಗ್ಲಿಷಲ್ಲಮ್ಮ, ಆಸ್ಪತ್ರೆ ಭಾಷೆ."
ಆಸ್ಪತ್ರೆಯದೂ ಅಲ್ಲ. ಗೇಟು ದಾಟಿದರೆ
ಗುತ್ತಲು ರೋಡಿನ ತಾರಸಿಯಲ್ಲಿ ಕಾಂಕ್ರೀಟು ಸೆಟ್ಟಾಗುತ್ತಿದೆ,
ಗೋಣಿಚೀಲ ಹೊದ್ದು, ನೀರು ಕುಡಿಯುತ್ತ;
ಪಕ್ಕದ ಹೋಟೆಲಿನಲ್ಲಿ ಸೆಟ್ಟು ಅಂದರೆ ಮೂರು ದೋಸೆ;
ಹಲ್ಲಿನ ಸೆಟ್ಟು ಅಜ್ಜಿಯ ಬಾಯಿಗಿಂತ ಲೋಟದಲ್ಲೇ ಹೆಚ್ಚು ನಗುತ್ತೆ;
ಫಾರ್ಮಸಿಯ ತೇಜಾವತಿಗೆ ಮದ್ದೂರಿನ ಹುಡುಗ ಸೆಟ್ಟಾದ,
ಮೂರೇ ವಾರಕ್ಕೆ ಬಿಟ್ಟುಕೊಂಡಿತು.
ಹಸಿ ಇದ್ದಾಗಲೇ ಅಲ್ಲಾಡಿಸಿರಬೇಕು, ಇನ್ನೇನು.

ನಮ್ಮ ಗಟ್ಟಿ ಬೇರೆ.
ಗಟ್ಟಿಯಾಗಿ ಓದು ಅಂದರೆ ಕೇಳಿಸುವ ಹಾಗೆ.
ಗಟ್ಟಿಮೇಳ ಅಂದರೆ ಯಾರ ಸೀನೂ ಕೇಳಿಸದ ಹಾಗೆ.
ಗಟ್ಟಿ ಕುಳ, ಮದುವೆಗೆ ಮುಂಚೆ ವಿಚಾರಿಸಿಕೊಳ್ಳುವ ಸಂಗತಿ.
ಗಟ್ಟಿ ಮೊಸರಿಗೆ ಐದು ರೂಪಾಯಿ ಜಾಸ್ತಿ.
ಗಟ್ಟಿಗಿತ್ತಿ ಅನ್ನುತ್ತಾರೆ ವಾರ್ಡಿನವರು ನನಗೆ,
ಮುರಿದ ಮೂಳೆ ಎಳೆದು ಕೂರಿಸುವಾಗ ಮುಖ ತಿರುಗಿಸದ್ದಕ್ಕೆ.
ಅವ್ವ ಹೋದಾಗ "ಮನಸ್ಸು ಗಟ್ಟಿ ಮಾಡ್ಕೊ" ಅಂದವರೇ
ತಂಗಿಗೆ ಫೋನು ಮಾಡದೆ ಏಳು ವರ್ಷ ಆದಾಗ
"ಇಷ್ಟೊಂದು ಗಟ್ಟಿ ಆಗಬಾರದು" ಅಂದರು.
ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಹೇಳಿರಲಿಲ್ಲ.

ಜೂನಿನಲ್ಲಿ ಬಂದ ಮಾಯಿಗಯ್ಯ, ಕೀಲಾರದ ಆಲೆಮನೆಯವ.
ಕಬ್ಬಿನ ಹೊರೆ ಸಮೇತ ಜಾರಿ ಬಿದ್ದು ಬಲ ಮುಂಗೈ ಎರಡು ತುಂಡು.
ಪಟ್ಟಿ ಸುತ್ತುವ ತನಕ ಹಲ್ಲು ಕಚ್ಚಿಕೊಂಡಿದ್ದ.
ಆಮೇಲೆ ಬೆಚ್ಚಿಬಿದ್ದ: "ಏನವ್ವ ಇದು, ಬಿಸಿ ಆಯ್ತಾ ಅದಲ್ಲ!"
ಆಗುತ್ತೆ ಅಂದೆ. ಗಟ್ಟಿಯಾಗೋಕೆ ಮುಂಚೆ ಬಿಸಿಯಾಗುತ್ತೆ.
"ಪಾಕ ಅನ್ನು ಮತ್ತೆ!"
ನೋವು ಮರೆತು ಎಡಗೈಯಲ್ಲೇ ಕೊಪ್ಪರಿಗೆ ತಿರುವಿ ತೋರಿಸಿದ:
ತಣ್ಣೀರಿಗೆ ಒಂದು ತೊಟ್ಟು ಬಿಡಬೇಕು,
ಬೆರಳಲ್ಲಿ ಉಂಡೆ ಕಟ್ಟಿದರೆ ಇಳಿಸಬೇಕು,
ಒಂದು ಉಸಿರು ಮುಂಚೆಯಾದರೆ ಜೋನಿ,
ಒಂದು ಉಸಿರು ತಡವಾದರೆ ಸೀದು ಕಲ್ಲು,
ಅಚ್ಚಿಗೆ ಹುಯ್ದ ಮ್ಯಾಲೆ ಅಪ್ಪ ಬಂದ್ರೂ ಮುಟ್ಟಬಾರದು.
"ನಿಮ್ದೂ ಅಂಗೇಯಾ?"
ಅಂಗೇ, ಅಂದೆ. ಕೈ ಅಲ್ಲಾಡಿಸಬೇಡ.

ಆರು ವಾರಕ್ಕೆ ಬಂದ. ಗರಗಸ ಹಚ್ಚಿದೆ,
ಜೀರುಂಡೆಯ ಹಾಗೆ ಗುಯ್ಗುಡುವ ಚಿಕ್ಕ ಗರಗಸ;
ಗಟ್ಟಿಯಾದದ್ದನ್ನು ಕೊಯ್ಯುತ್ತೆ, ಚರ್ಮ ಬಿಟ್ಟುಬಿಡುತ್ತೆ.
ನಂಬದೆ ಕಣ್ಣು ಮುಚ್ಚಿಕೊಂಡ.
ಚಿಪ್ಪಿನ ಮೇಲೆ ಮೊಮ್ಮಗಳು ಪೆನ್ನಿನಲ್ಲಿ ಬರೆದ ನವಿಲು
ಇಬ್ಭಾಗವಾಗಿ ಬಿತ್ತು.
ಒಳಗೊಂದು ಸಣಕಲು ಕೈ, ಸಿಪ್ಪೆ ಸುಲಿದ ಕಬ್ಬಿನ ಬಣ್ಣ.
ಬೇರೆ ಯಾರದೋ ಎಂಬಂತೆ ನೋಡಿ, ಮೂಸಿ, ನಕ್ಕ.
ಅಂಗೈಯ ಜಡ್ಡು ಉದುರಿಹೋಗಿತ್ತು,
ನಲವತ್ತು ವರ್ಷದ್ದು.
"ಎಳೇ ಮಗೀನ್ ಕೈ ಆಗೋಗದೆ ನೋಡವ್ವ."
ಹೆಮ್ಮೆಯೋ ನಾಚಿಕೆಯೋ ತಿಳಿಯಲಿಲ್ಲ.

ಹೋಗುವಾಗ ಪೇಪರಿನಲ್ಲಿ ಸುತ್ತಿದ ಎರಡಚ್ಚು ಬೆಲ್ಲ.
"ಒಂದು ನಿಂಗೆ. ಇನ್ನೊಂದು ನಿಮ್ಮನೇರ್ಗೆ."
ಮನೆಯವರು ಅಂದರೆ ಯಾರು ಉಳಿದಿದ್ದಾರೆ, ಅವನಿಗೇನು ಗೊತ್ತು.
ಡ್ರಾಯರಿನಲ್ಲಿಟ್ಟು ಮರೆತೆ.

ಈಗ ಮೋಡದ ವಾರ. ಯಾವುದೂ ಒಣಗುತ್ತಿಲ್ಲ.
ಹೊಸ ಪಟ್ಟಿಯ ಕೈ ಎದೆಗೊತ್ತಿಕೊಂಡು ಬೆಂಚಿನ ಮೇಲೆ ಒಬ್ಬ ಹುಡುಗ.
ಕತ್ತರಿಗೆಂದು ಡ್ರಾಯರ್ ಎಳೆದರೆ
ಬೆಲ್ಲ ಬೆವರಿದೆ. ಪೇಪರು ಒದ್ದೆ, ರಿಜಿಸ್ಟರಿನ ಅಂಚಿಗೆ ಅಂಟು,
ಎರಡಚ್ಚೂ ಒಂದಕ್ಕೊಂದು ಕಚ್ಚಿಕೊಂಡಿವೆ, ಬಿಡಿಸಲು ಬರುತ್ತಿಲ್ಲ.
ಬೆರಳು ನೆಕ್ಕುತ್ತ ನಿಂತಿದ್ದೇನೆ.
ಹುಡುಗ ಕೇಳುತ್ತಾನೆ: "ಮೇಡಂ, ಸೆಟ್ಟಾಯ್ತಾ?"
ಮುಟ್ಟಿ ನೋಡುತ್ತೇನೆ.
ಇನ್ನೂ ಬಿಸಿ ಇದೆ.